ಆಚೆ ದಡದ ಲೆಕ್ಕ

ಗುರುವಾರ ಚರ್ಚಿನ ಬೀಗದ ಕೈ ನನ್ನ ಹತ್ತಿರ.
ಗಂಟೆಗೋಪುರದ ಕೆಳಗೆ, ಕಸಬರಿಕೆಗಳ ಪಕ್ಕ,
ಕಬ್ಬಿಣದ ಪಟ್ಟಿ ಬಡಿದ ಓಕ್ ಮರದ ಪೆಟ್ಟಿಗೆ.
ಅದರೊಳಗಿದೆ ವಿದರ್‌ಹೈತ್:
ಹುಟ್ಟಿದವರು, ಕೂಡಿದವರು, ಮಣ್ಣಾದವರು,
ಮತ್ತೆ ಲೆಕ್ಕದ ಪುಸ್ತಕ, ಇಲಿ ತಿಂದು ಬಿಟ್ಟಷ್ಟು.

ಇಲ್ಲಿ ಯಾವ ರಾಜನೂ ತಂಗಲಿಲ್ಲ.
ಯುದ್ಧವೂ ನಮ್ಮನ್ನು ಬಳಸಿಕೊಂಡೇ ಹೋಯಿತು, ಸೇತುವೆ ಇಲ್ಲವೆಂದು.
ವಿಲೋ ಕಡ್ಡಿ ಕೊಯ್ದು ಬುಟ್ಟಿ ಹೆಣೆಯುವವರು,
ಹಾವುಮೀನಿಗೆ ಕೂಳಿ ಒಡ್ಡುವವರು,
ಒಂದು ದೋಣಿ.
ನಮ್ಮ ಬುಡಕ್ಕೆ ಬಂದು ಮೊಣಕೈಯಂತೆ ಮಡಿಯುವ ನದಿ.
ಆ ಮಡಿಕೆಯಲ್ಲಿ
ಮೇಲಿನ ಊರುಗಳು ಕಳಕೊಂಡದ್ದೆಲ್ಲ ಬಂದು ನಿಲ್ಲುತ್ತಿತ್ತು:
ಪೀಪಾಯಿ, ಸತ್ತ ಕುರಿ,
ಒಂದು ಸಲ ತೊಟ್ಟಿಲು, ಪುಣ್ಯಕ್ಕೆ ಖಾಲಿ,
ಆಗಾಗ ಮನುಷ್ಯರು.

ನಮ್ಮ ಕಡೆಯ ಕಟ್ಟಳೆ ಸರಳ:
ಹೆಣ ಯಾವ ದಡಕ್ಕೆ ತಗಲಿತೋ ಖರ್ಚು ಆ ದಡದ್ದು.
ಹಲಗೆ, ಉಣ್ಣೆಬಟ್ಟೆ, ಗುಂಡಿ ತೋಡುವವನ ಕೂಲಿ,
ಎಲ್ಲ ಸೇರಿ ಒಂಬತ್ತು ಶಿಲ್ಲಿಂಗು.

ಹಾಗಾಗಿ, ೧೭೭೧ನೇ ಇಸವಿ, ಮಾರ್ಚಿ,
ವಾರ್ಡನ್ ಒಬದಾಯ ಫ್ರೂಯಿನ್ನನ ಓರೆ ಅಕ್ಷರ:
ಉದ್ದನೆ ದೋಟಿ ಎರಡಕ್ಕೆ, ಒಂದು ಶಿಲ್ಲಿಂಗು.
ರಾತ್ರಿ ನಿಂತ ನಾಲ್ವರಿಗೆ ಬಿಯರು, ಎಂಟು ಪೆನ್ಸ್.
ಯಾಕೆ ನಿಂತರು, ಬರೆದಿಲ್ಲ.
ಏಪ್ರಿಲಿನಲ್ಲಿ ಬಿಯರು. ಜೂನಿನಲ್ಲಿ ಬಿಯರು.
ಮೂರು ವರ್ಷ ಒಂದೂ ಹೆಣವಿಲ್ಲ,
ಬಿಯರಿದೆ.

ನನ್ನ ತಾಯಿಯ ಕಡೆ ಫ್ರೂಯಿನ್ನರು.
ಮೂಗು ಅದೇ.
ಅಂಗಡಿಯ ಬಿಲ್ಲನ್ನು ಎರಡು ಸಲ ಕೂಡಿ ನೋಡುವ ಚಾಳಿಯೂ.

ಆಚೆ ದಡ ಎಲ್ಮ್‌ಸ್ಟೋ. ಅವರಲ್ಲಿ ದೋಟಿ ಇರಲಿಲ್ಲವೆ?
ಇತ್ತು, ಇದ್ದೇ ಇತ್ತು.
ಕತ್ತಲಲ್ಲಿ ಈಚೆಯಿಂದ ಆಚೆ, ಆಚೆಯಿಂದ ಈಚೆ,
ಯಾರ ಮಗನೋ, ಟೋಪಿ ಕಳಕೊಂಡವನು,
ತೀರ್ಪಾಗದ ವ್ಯಾಜ್ಯದ ಹಾಗೆ ತಿರುಗುತ್ತ ತಿರುಗುತ್ತ
ಕೊನೆಗೆ ಸಮುದ್ರಕ್ಕೆ.
ಸಮುದ್ರ ರಸೀದಿ ಕೇಳುವುದಿಲ್ಲ.

೧೭೭೪. ಶಾಯಿ ಬೇರೆ, ಸಿಟ್ಟು ಫ್ರೂಯಿನ್ನನದೇ:
ದೋಣಿಯ ಟ್ಯಾಮ್ಸಿನ್ ಓಡ್ಜರ್, ವಿಧವೆ,
ನಡುನೀರಿನಿಂದ ಒಬ್ಬನನ್ನು
ಅಪ್ಪಣೆ ಇಲ್ಲದೆ ಈ ದಡಕ್ಕೆ ತಂದದ್ದಕ್ಕೆ
ದಂಡ, ಎರಡು ಶಿಲ್ಲಿಂಗು.
ಕೈಯಲ್ಲಿ ಕಾಸಿರಲಿಲ್ಲ. ವಾರ್ಡನ್ನರನ್ನು
ಆ ಬೇಸಗೆಯೆಲ್ಲ ಪುಕ್ಕಟೆ ದಾಟಿಸಿದಳು.
ಮಾತಾಡದೆ ದಾಟಿಸಿದಳಂತೆ. ಇದು ಪುಸ್ತಕದಲ್ಲಿಲ್ಲ,
ನನ್ನಜ್ಜಿಗೆ ಅವಳಜ್ಜಿ ಹೇಳಿದ್ದು.
ಮತ್ತೆ ತಂದಳು. ಮತ್ತೆ ದಂಡ.
ಏಳು ಸಲ.

ಹೂಳಿದವರ ಪುಸ್ತಕಕ್ಕೆ ಹೆಸರು ಬೇಕು.
ಪಾದ್ರಿ ಸಿಲ್ವೇನಸ್ ಪೈಕ್ ಅರೆಕಿವುಡ,
ಅವಳು ಕೂಗಿ ಹೇಳಿದ್ದನ್ನೇ ಬರೆದ:
ಬುಧವಾರ ಓಡ್ಜರ್.
ಹಿತ್ತಾಳೆಗುಂಡಿ ಓಡ್ಜರ್.
ಹೆರಳು ಓಡ್ಜರ್, ವಯಸ್ಸು ಇಪ್ಪತ್ತಿರಬಹುದು.
ಕಡೆಯದು ಬರೀ ಓಡ್ಜರ್, ಮೊಳದುದ್ದ.
ಅವಳಿಗೆ ಮಕ್ಕಳಿರಲಿಲ್ಲ.

ಹೋದ ಆಗಸ್ಟಿನಲ್ಲಿ ಕೆನಡಾದಿಂದೊಬ್ಬ ಬಂದಿದ್ದ,
ಓಡ್ಜರ್ ಅಂತಲೇ ಅವನೂ, ಬೆನ್ನಿಗೆ ಚೀಲ,
ವಂಶವೃಕ್ಷದ ಹಾಳೆ ಬೆವರಿಗೆ ಮೆತ್ತಗಾಗಿತ್ತು.
ಬುಧವಾರದ ಮೇಲೆ ಬೆರಳಿಟ್ಟು ಕೇಳಿದ:
ಇವನು ನಮ್ಮವನೆ?

ಗೊತ್ತಿಲ್ಲ ಅನ್ನಬೇಕಿತ್ತು.
ಹಾಳೆ ಇಸಕೊಂಡೆ. ಏಳೂ ಹೆಸರು,
ತಾರೀಖಿನೊಡನೆ, ದುಂಡಗೆ ಬರೆದುಕೊಟ್ಟೆ.
ಡಬ್ಬಿಗೆ ಎರಡು ಪೌಂಡು ಹಾಕಿ ಹೋದ.
ನಾನು ಅದನ್ನೂ ಲೆಕ್ಕದಲ್ಲಿ ಹತ್ತಿಸಿದೆ,
ರಕ್ತ ಬಿಡಬೇಕಲ್ಲ.

ಒಂದು ದೋಟಿ ಇನ್ನೂ ಇದೆ, ಗೋಪುರದ ಬಾಗಿಲ ಹಿಂದೆ.
ಕೊಕ್ಕೆಗೆ ಬಟ್ಟೆ ಸುತ್ತಿ
ಎತ್ತರದ ಕಿಟಕಿಗಳ ಜೇಡರಬಲೆ ತೆಗೆಯುತ್ತೇವೆ.
ಹಿಡಿಯುವ ಕಡೆ ಸವೆದು ನುಣುಪಾಗಿದೆ,
ನಾಲ್ಕು ಬೆರಳಿನ ತಗ್ಗು.
ನನ್ನ ಬೆರಳು ಅಲ್ಲಿ ಸರಿಯಾಗಿ ಕೂರುತ್ತವೆ.
ಇಳಿಸಿ, ಬೇರೆ ಕಡೆ ಹಿಡಿಯುತ್ತೇನೆ.